ಪಿಂಗಾಣಿ ಹಲ್ಲಿಗೆ ಆಧಾರವೇ ಬಲ



ಫರಂಗಿಪೇಟೆಯ ಆಪ್ತರೊಬ್ಬರ ಮನೆಯಲ್ಲಿ ಮಳೆಗಾಲಕ್ಕೆ ಮುನ್ನ ಮಾಡಿನ ಹಂಚುಗಳನ್ನು ಬದಲಿಸುತ್ತಿದ್ದರು. ನೇತ್ರಾವತಿಯ ಈ ಸೀಮೆಗೆ ಹಂಚು ಹೊಸತಲ್ಲ. ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನವರು 1865ರಲ್ಲಿಯೇ ಹಂಚಿನ ಕಾರ್ಖಾನೆಯನ್ನು ತೆರೆದಿದ್ದರು. ಕೆಲಸದ ಹಿರಿಯನು ಒಡೆದ ಹಂಚನ್ನು ತೋರಿಸಿ, "ಸ್ವಾಮೀ, ಹಂಚು ಒಳ್ಳೆಯದೇ, ಕೆಳಗಿನ ರೀಪು ಸಮ ಇರಲಿಲ್ಲ" ಎಂದನು. ನನಗೆ ನನ್ನ ದವಡೆ ಹಲ್ಲು ನೆನಪಾಯಿತು.

ಆ ಹಲ್ಲಿಗೆ ಪಿಂಗಾಣಿ ಕ್ಯಾಪ್ ಹಾಕಿಸುವಾಗ "ಹಲ್ಲನ್ನು ಹೆಚ್ಚು ಸವೆಸಬೇಡಿ" ಎಂದು ನಾನೇ ಹಠ ಹಿಡಿದಿದ್ದೆ. ವೈದ್ಯರು ಸಂಕೋಚದಿಂದ ಒಪ್ಪಿದರು. ವರ್ಷ ತುಂಬುವ ಮೊದಲೇ ಕ್ಯಾಪ್ ಎರಡು ಹೋಳಾಯಿತು.

ಹಂಚಿನಂತೆ ಪಿಂಗಾಣಿಯೂ ಬೆಂಕಿಯಲ್ಲಿ ಬೆಂದ ವಸ್ತು. ಅದು ಅದುಮುವ ಭಾರವನ್ನು ಸಹಿಸುತ್ತದೆ. ಬಾಗಿಸುವ, ಎಳೆಯುವ ಬಲವನ್ನು ಸಹಿಸಲಾರದು. ಆದ್ದರಿಂದ ಅದಕ್ಕೆ ತಕ್ಕ ದಪ್ಪವೂ ಸಮನಾದ ಆಸರೆಯೂ ಅವಶ್ಯ. ಅಗಿಯುವ ಮೇಲ್ಮೈಯಲ್ಲಿ ಸಾಮಾನ್ಯವಾಗಿ 1.5ರಿಂದ 2 ಮಿಲಿಮೀಟರಿನಷ್ಟು ಸ್ಥಳ ಬೇಕು. ಹೆಚ್ಚು ಗಟ್ಟಿಯಾದ ಜಿರ್ಕೋನಿಯಕ್ಕೆ ಅದಕ್ಕಿಂತ ಕಡಿಮೆ ಸಾಕು. ಸವೆಸಿದ ಹಲ್ಲಿನಲ್ಲಿ ಚೂಪಾದ ಮೂಲೆ ಉಳಿದರೆ ಒತ್ತಡವು ಅಲ್ಲಿಯೇ ಕೇಂದ್ರೀಕರಿಸಿ ಬಿರುಕು ಹುಟ್ಟುತ್ತದೆ. ಕ್ಯಾಪನ್ನು ಕೊರೆಯುವ ಯಂತ್ರದ ಮೊನೆಗೂ ಅಂತಹ ಸೂಕ್ಷ್ಮ ಮೂಲೆ ನಿಲುಕದು. ಆಗ ಕ್ಯಾಪ್ ಸರಿಯಾಗಿ ಕೂರದು. ಅದಕ್ಕಾಗಿ ಅಂಚುಗಳನ್ನು ದುಂಡಗೆ ಮಾಡುತ್ತಾರೆ.

ಹಲ್ಲಿನ ಗೋಡೆಗಳು ಮೇಲಕ್ಕೆ ತುಸು ಕಿರಿದಾಗಬೇಕು. ಎದುರುಬದುರಿನ ಗೋಡೆಗಳ ನಡುವಣ ಕೋನವು 10ರಿಂದ 20 ಡಿಗ್ರಿಯಷ್ಟಿದ್ದರೆ ಉಚಿತ. ತೀರ ಕಿರಿದಾದರೆ ಹಿಡಿತ ತಪ್ಪಿ ಕ್ಯಾಪ್ ಕಳಚುತ್ತದೆ. ಒಸಡಿನ ಬಳಿ ಸುಮಾರು 1 ಮಿಲಿಮೀಟರ್ ಅಗಲದ ನುಣುಪಾದ ಮೆಟ್ಟಿಲಿರಬೇಕು. ಅಲ್ಲಿ ಸಂದು ಉಳಿದರೆ ಅಂಟು ಕರಗಿ, ಕೊಳೆ ಸೇರಿ, ಒಳಗಿನ ಹಲ್ಲು ಹುಳುಕಾಗುತ್ತದೆ.

ಹಾಗೆಂದು ಮಿತಿಮೀರಿ ಸವೆಸುವುದೂ ಹಿತವಲ್ಲ. ಹಲ್ಲು ದುರ್ಬಲವಾಗುತ್ತದೆ, ಒಳಗಿನ ನರಕ್ಕೂ ಅಪಾಯ. ಈ ಎರಡರ ನಡುವಣ ಹದವನ್ನು ಬಲ್ಲವರು ವೈದ್ಯರು. ಮಣಿಪಾಲದಲ್ಲಿ 1965ರಿಂದಲೂ ದಂತವೈದ್ಯ ಕಾಲೇಜು ಇದೆ, ದೇರಳಕಟ್ಟೆಯಲ್ಲಿಯೂ ಇವೆ. ಈ ಸೀಮೆಯ ಜನರಿಗೆ ಜ್ಞಾನ ದೂರವಿಲ್ಲ.

ಕ್ಯಾಪಿನ ಬೆಲೆಯನ್ನು ಕೇಳುವ ನಾವು, ಹಲ್ಲನ್ನು ಎಷ್ಟು ಸವೆಸುವಿರಿ, ಏಕೆ ಎಂಬುದನ್ನೂ ವಿನಯದಿಂದ ಕೇಳೋಣ. ನಿದ್ರೆಯಲ್ಲಿ ಹಲ್ಲು ಕಡಿಯುವ ಅಭ್ಯಾಸವಿದ್ದರೆ ಮುಚ್ಚಿಡದೆ ತಿಳಿಸೋಣ. ಅಂಟಿಸುವ ಮುನ್ನ ಕೂರಿಸಿ ನೋಡುವಾಗ ಅವಸರಪಡಿಸದಿರೋಣ. ಕೇಳಿ ತಿಳಿದ ಮೇಲೆ ಅವರ ಮಾತಿಗೆ ಮನ್ನಣೆ ಕೊಡೋಣ. ನನ್ನ ಹಠದಿಂದ ನಾನು ಕಲಿತದ್ದು ಇಷ್ಟೇ.