ನದಿ ದಂಡೆಗೆ ಬೇಕಾಗಿರುವುದು ಅಡುಗೆಮನೆಯುಳ್ಳ ವಸತಿ

ಪ್ರವಾಸೋದ್ಯಮದ ಪ್ರಸ್ತಾಪ ಬಂದಾಗಲೆಲ್ಲ ನಮ್ಮಲ್ಲಿ ರೆಸಾರ್ಟ್, ತಾರಾ ಹೋಟೆಲು, ಯಾತ್ರಿ ನಿವಾಸ ಎಂಬ ಮೂರು ಬೇಡಿಕೆಗಳೇ ಮುಂದೆ ಬರುತ್ತವೆ. ಸಂಸಾರ ಸಮೇತ ಬಂದವರು ನಾಲ್ಕು ದಿನ ತಂಗಿ, ಬೇಕಾದುದನ್ನು ತಾವೇ ಬೇಯಿಸಿಕೊಂಡು ಉಣ್ಣಬಹುದಾದ ಸಣ್ಣ ಬಾಡಿಗೆ ಮನೆಗಳನ್ನು ಯಾರೂ ನೆನೆಯುವುದಿಲ್ಲ. ವಿಜಯನಗರ ಜಿಲ್ಲೆಯ ಪಶ್ಚಿಮ ತಾಲ್ಲೂಕುಗಳಿಗೆ, ವಿಶೇಷವಾಗಿ ತುಂಗಭದ್ರೆಯ ದಂಡೆಯ ಮೈಲಾರಕ್ಕೆ, ಇದೇ ಹೆಚ್ಚು ಸೂಕ್ತವಾದ ವ್ಯವಸ್ಥೆ ಎಂಬುದು ಈ ಲೇಖನದ ವಾದ.

ಬೇಸಿಗೆ ರಜೆಯಲ್ಲಿ ನಮ್ಮ ಭಾಗದ ಕುಟುಂಬಗಳು ಗೋಕರ್ಣ, ಮುರ್ಡೇಶ್ವರ, ಮರವಂತೆಗಳ ಕಡಲ ತೀರಕ್ಕೆ ಟೆಂಪೊ ಮಾಡಿಕೊಂಡು ಹೊರಡುವಾಗ ರೊಟ್ಟಿ, ಶೇಂಗಾ ಚಟ್ನಿಗಳ ಜೊತೆಗೆ ಒಲೆ, ಪಾತ್ರೆಗಳೂ ಗಾಡಿ ಏರುತ್ತವೆ. ಇದಕ್ಕೆ ಜಿಪುಣತನವೊಂದೇ ಕಾರಣವಲ್ಲ. ಮಕ್ಕಳು, ಮುದುಕರು, ವ್ರತ-ನೇಮದವರು ಜೊತೆಗಿರುವಾಗ ಮನೆಯ ಊಟವೇ ಹಿತ. ಫ್ರಾನ್ಸ್ ದೇಶದಲ್ಲಿ 1955ರಲ್ಲಿ ಸ್ಥಾಪನೆಯಾದ ‘ಗೀತ್ ದ ಫ್ರಾನ್ಸ್’ ಒಕ್ಕೂಟವು ಇದೇ ಅಗತ್ಯವನ್ನು ಉದ್ಯಮವಾಗಿಸಿತು. ಹಳ್ಳಿಯ ಹಳೆಯ ಮನೆಗಳನ್ನು ದುರಸ್ತಿಗೊಳಿಸಿ, ಅಡುಗೆಮನೆ ಸಹಿತ ಪ್ರವಾಸಿಗರಿಗೆ ಬಾಡಿಗೆಗೆ ಕೊಡುವ ಪದ್ಧತಿ ಅಲ್ಲಿ ರೈತನಿಗೆ ಉಪ ಆದಾಯದ ದಾರಿಯಾಯಿತು.

ಮೈಲಾರದ ಅನುಭವ

ನಮಗೆ ಮಾದರಿಗಾಗಿ ಫ್ರಾನ್ಸಿನವರೆಗೂ ಹೋಗಬೇಕಾಗಿಲ್ಲ. ಭರತ ಹುಣ್ಣಿಮೆಯ ಆಸುಪಾಸಿನಲ್ಲಿ ನಡೆಯುವ ಮೈಲಾರಲಿಂಗೇಶ್ವರನ ಜಾತ್ರೆಗೆ, ಕಾರ್ಣಿಕ ಕೇಳಲು ಬರುವ ಲಕ್ಷಾಂತರ ಭಕ್ತರಲ್ಲಿ ಬಹುಮಂದಿ ಬಂಡಿ, ಟ್ರ್ಯಾಕ್ಟರುಗಳಲ್ಲಿ ದವಸ ತುಂಬಿಕೊಂಡು ಬಂದು, ಬಯಲಿನಲ್ಲೇ ಬಿಡಾರ ಹೂಡಿ, ಮೂರು ಕಲ್ಲಿಟ್ಟು ಒಲೆ ಹೊತ್ತಿಸುತ್ತಾರೆ. ಗೊರವಯ್ಯಗಳ ದೋಣಿ ತುಂಬಿಸುವ ಸೇವೆಗೆ ಭಕ್ತರು ತಾವೇ ಎಡೆ ಸಿದ್ಧಪಡಿಸಬೇಕು. ಆದ್ದರಿಂದ ಇಲ್ಲಿ ಅಡುಗೆ ಎಂಬುದು ಪೂಜೆಯ ಅಂಗವೇ ಆಗಿದೆ. ಒಲೆ ಹೊತ್ತಿಸಲು ಅವಕಾಶವಿಲ್ಲದ ಲಾಡ್ಜಿನ ಕೊಠಡಿ ಇಂತಹ ಭಕ್ತನಿಗೆ ಎಷ್ಟರಮಟ್ಟಿಗೆ ಉಪಯುಕ್ತ?

ಜಾತ್ರೆ ಕೆಲವು ದಿನಗಳದು. ಆದರೆ ಮಳೆಗಾಲದ ಕೊನೆಯಿಂದ ಮಾಘದವರೆಗೆ ಈ ಸೀಮೆ ನೋಡಲು ರಮ್ಯವಾಗಿರುತ್ತದೆ. ಪೂರ್ಣ ತುಂಬಿದಾಗ ಸುಮಾರು 378 ಚದರ ಕಿಲೋಮೀಟರ್ ಹರಡಿಕೊಳ್ಳುವ ತುಂಗಭದ್ರಾ ಜಲಾಶಯದ ಹಿನ್ನೀರು ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ತಾಲ್ಲೂಕುಗಳಿಗೆ ಸಮುದ್ರದ ಸೊಬಗನ್ನೇ ತಂದುಕೊಡುತ್ತದೆ. ಅಂಕಸಮುದ್ರ ಪಕ್ಷಿ ಸಂರಕ್ಷಣಾ ಮೀಸಲು 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದೆ. ಕುರುವತ್ತಿ, ಮಾಗಳ, ಹಿರೇಹಡಗಲಿಗಳಲ್ಲಿ ಚಾಲುಕ್ಯ ಶಿಲ್ಪದ ದೇಗುಲಗಳಿವೆ. ಇವೆಲ್ಲವನ್ನೂ ಒಂದೇ ದಿನದಲ್ಲಿ ನೋಡಿ ಮುಗಿಸಲಾಗದು; ತಂಗಲು ತಕ್ಕ ಸ್ಥಳವಿಲ್ಲದ ಕಾರಣ ಪ್ರವಾಸಿಗರು ಒಂದನ್ನು ನೋಡಿ ಹೊಸಪೇಟೆಗೋ ರಾಣೆಬೆನ್ನೂರಿಗೋ ಹಿಂದಿರುಗುತ್ತಾರೆ.

ಹಣ ಯಾರ ಕೈ ಸೇರುತ್ತದೆ?

ವರ್ತಕ ಬಾಂಧವರು ಗಮನಿಸಬೇಕಾದ ಮುಖ್ಯ ಸಂಗತಿ ಇದು. ರೆಸಾರ್ಟಿನಲ್ಲಿ ತಂಗಿದವನ ಖರ್ಚು ಒಂದೇ ಗಲ್ಲಾಪೆಟ್ಟಿಗೆಯನ್ನು ಸೇರುತ್ತದೆ. ಅಲ್ಲಿಗೆ ಬೇಕಾದ ದಿನಸಿಯೂ ದೊಡ್ಡ ಪೇಟೆಯಿಂದ ಸಗಟಾಗಿ ಬರುತ್ತದೆ. ತಾನೇ ಅಡುಗೆ ಮಾಡಿಕೊಳ್ಳುವವನಾದರೋ ಕಿರಾಣಿ ಅಂಗಡಿಯಲ್ಲಿ ಬೇಳೆ, ಸಂತೆಯಲ್ಲಿ ತರಕಾರಿ, ರೈತನ ಮನೆಯಲ್ಲಿ ಹಾಲು-ಮೊಸರು, ಮೀನುಗಾರನಿಂದ ಮೀನು, ಹಡಗಲಿಯ ಮಲ್ಲಿಗೆ ಮಾರುವವಳಿಂದ ಹೂವು ಕೊಳ್ಳುತ್ತಾನೆ. ಹಿಟ್ಟಿನ ಗಿರಣಿ, ಪಾತ್ರೆ ಬಾಡಿಗೆ, ಆಟೋ ಎಲ್ಲದಕ್ಕೂ ಕೆಲಸ ಹುಟ್ಟುತ್ತದೆ. 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯಿಂದ ಸರ್ಕಾರಿ ಬಸ್ಸುಗಳಲ್ಲಿ ಮಹಿಳೆಯರ ಪುಣ್ಯಕ್ಷೇತ್ರ ಯಾತ್ರೆ ಸುಲಭವಾಗಿದೆ. ಟಿಕೆಟ್ಟಿನಲ್ಲಿ ಉಳಿದ ಹಣದ ಒಂದು ಪಾಲನ್ನು ಸ್ಥಳೀಯ ಪೇಟೆ ಪಡೆಯಬೇಕಾದರೆ, ಅವರು ನಿರ್ಭಯವಾಗಿ ರಾತ್ರಿ ಕಳೆಯುವಂತಹ ಮನೆ ಇರಬೇಕು.

ಇದರಿಂದ ತಮ್ಮ ಗಿರಾಕಿ ತಪ್ಪಿಹೋದಾರೆಂಬ ಆತಂಕ ಹೋಟೆಲು ಉದ್ಯಮಿಗಳಾದ ಕೆಲವು ಸದಸ್ಯರಿಗೆ ಇರಬಹುದು. ಬುತ್ತಿ ಕಟ್ಟಿಕೊಂಡು ಬಂದು ಅದೇ ದಿನ ಮರಳುವವರು ಅವರ ಗಿರಾಕಿಗಳಲ್ಲ. ಅವರೇ ಮೂರು ದಿನ ತಂಗಿದರೆ ಬೆಳಗಿನ ಉಪಾಹಾರಕ್ಕೋ ಸಂಜೆಯ ಮಿರ್ಚಿ-ಮಂಡಕ್ಕಿಗೋ ಹೋಟೆಲಿನ ಕಡೆ ಬಂದೇ ಬರುತ್ತಾರೆ.

ಎಚ್ಚರಿಕೆಯ ಪಾಠಗಳು

ಉತ್ಸಾಹಕ್ಕೆ ವಿವೇಕದ ಕಡಿವಾಣವೂ ಅಗತ್ಯ. ಹಂಪಿಯ ಎದುರು ದಡದ ವಿರೂಪಾಪುರ ಗಡ್ಡೆಯಲ್ಲಿ ವರ್ಷಾನುಗಟ್ಟಲೆ ನಡೆದ ಅತಿಥಿಗೃಹಗಳನ್ನು, 1988ರ ಸಂರಕ್ಷಣಾ ಅಧಿಸೂಚನೆಗೆ ವಿರುದ್ಧವಾದವೆಂದು ಸುಪ್ರೀಂ ಕೋರ್ಟ್ 2020ರ ಫೆಬ್ರುವರಿ 11ರಂದು ತೀರ್ಪಿತ್ತ ಮೇಲೆ ಮರು ತಿಂಗಳೇ ನೆಲಸಮ ಮಾಡಲಾಯಿತು. ಹೂಡಿದ ಬಂಡವಾಳವೂ ಸ್ಥಳೀಯರ ಉದ್ಯೋಗವೂ ಅದರೊಂದಿಗೆ ಹೋದವು. ಅನುಮತಿ ಆಮೇಲೆ ನೋಡಿಕೊಳ್ಳೋಣ ಎಂಬ ಧೋರಣೆಗೆ ತೆತ್ತ ಬೆಲೆ ಅದು. 2025ರ ಮಾರ್ಚ್‌ನಲ್ಲಿ ಸಾಣಾಪುರದ ಬಳಿ ಪ್ರವಾಸಿಗರ ಮೇಲೆ ನಡೆದ ಘೋರ ಕೃತ್ಯವು ಭದ್ರತೆಯ ಕೊರತೆ ಇಡೀ ಪ್ರದೇಶದ ಹೆಸರಿಗೆ ಹೇಗೆ ಕಳಂಕ ತರುತ್ತದೆಂಬುದನ್ನು ತೋರಿಸಿತು.

ನೀರಿನ ಅಂಚೂ ಸ್ಥಿರವಲ್ಲ. ಜಲಾಶಯದ ಪೂರ್ಣ ಮಟ್ಟ 1,633 ಅಡಿ. ಬೇಸಿಗೆಯಲ್ಲಿ ದಡ ಬಹುದೂರ ಹಿಂದೆ ಸರಿಯುತ್ತದೆ. ಮುಳುಗಡೆ ಭೂಮಿಯಲ್ಲಿ ಒಂದು ಇಟ್ಟಿಗೆಯನ್ನೂ ಇಡಬಾರದು. ಹೊಸ ಕಾಟೇಜುಗಳನ್ನು ಕಟ್ಟುವುದಕ್ಕಿಂತ, ಎತ್ತರದ ಊರುಗಳಲ್ಲಿ ವಲಸೆಯಿಂದಾಗಿ ಬೀಗ ಬಿದ್ದಿರುವ ಮನೆಗಳನ್ನು ದುರಸ್ತಿ ಮಾಡುವುದೇ ಕಡಿಮೆ ಖರ್ಚಿನ, ಕಾನೂನಿನ ತೊಡಕಿಲ್ಲದ ದಾರಿ.

ಆಗಬೇಕಾದ ಕಾರ್ಯ

ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಹೋಂಸ್ಟೇ ನಿಯಮದಂತೆ ಮಾಲೀಕರ ಕುಟುಂಬ ಅಲ್ಲಿಯೇ ವಾಸವಿರಬೇಕು. ಬಾಡಿಗೆ ಕೊಠಡಿಗಳು ಆರನ್ನು ಮೀರಬಾರದು. ಮಾಲೀಕರು ಮುಂಭಾಗದಲ್ಲಿದ್ದು, ಹಿತ್ತಲ ಕಡೆ ಎರಡು ಕೋಣೆ, ಒಂದು ಅಡುಗೆಮನೆ ಬಿಟ್ಟುಕೊಟ್ಟರೆ ಇದಕ್ಕೆ ಹೊಂದುತ್ತದೆ. ಆದರೆ ಬೀಗ ಹಾಕಿದ ಮನೆಗಳು ಈ ಚೌಕಟ್ಟಿಗೆ ಸೇರುವುದಿಲ್ಲ. ಊರಿನ ಸ್ವಸಹಾಯ ಸಂಘದ ಉಸ್ತುವಾರಿಯಲ್ಲಿ ಅಂತಹ ಮನೆಗಳನ್ನು ನಡೆಸಲು ರಾಜ್ಯ ಸರ್ಕಾರ ಪ್ರತ್ಯೇಕ ವರ್ಗವೊಂದನ್ನು ಗುರುತಿಸಬೇಕು. 2025-26ರ ಕೇಂದ್ರ ಬಜೆಟ್ ಹೋಂಸ್ಟೇಗಳಿಗೆ ಮುದ್ರಾ ಸಾಲ ಘೋಷಿಸಿದೆ. ಸ್ಥಳೀಯ ಬ್ಯಾಂಕುಗಳು ಅದನ್ನು ಅಡುಗೆಮನೆ, ಶೌಚಾಲಯಗಳ ದುರಸ್ತಿಗೂ ನೀಡಲಿ. ವಾರ್ಷಿಕ ರೂ. 20 ಲಕ್ಷದೊಳಗಿನ ಸೇವಾ ವಹಿವಾಟಿಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಾಗಿಲ್ಲ. ಆನ್‌ಲೈನ್ ಸಂಸ್ಥೆಯ ಮೂಲಕ ಬಾಡಿಗೆಗೆ ಕೊಟ್ಟರೆ, ನೋಂದಣಿ ಇಲ್ಲದ ಮಾಲೀಕರ ಪರವಾಗಿ ಆ ಸಂಸ್ಥೆಯೇ ತೆರಿಗೆ ಕಟ್ಟುತ್ತದೆ. ಇಂತಹ ವಿವರಗಳನ್ನು ಹಳ್ಳಿಯ ಮನೆಯೊಡೆಯರಿಗೆ ತಿಳಿಸಿಕೊಡುವ ಹೊಣೆಯನ್ನು ವಾಣಿಜ್ಯ ಸಂಸ್ಥೆಗಳು ಹೊರಬೇಕು. ಪೊಲೀಸ್ ಮಾಹಿತಿ, ಅತಿಥಿಗಳ ದಾಖಲೆ, ಕಸ ವಿಲೇವಾರಿ, ನದಿಗಿಳಿಯುವ ಕಡೆ ಎಚ್ಚರಿಕೆ ಫಲಕ ಇವು ಕಡ್ಡಾಯವಾಗಲಿ.

ಮುಂದಿನ ಭರತ ಹುಣ್ಣಿಮೆಗೆ ಮೈಲಾರ ಮತ್ತು ಸುತ್ತಲಿನ ಊರುಗಳಲ್ಲಿ ಇಪ್ಪತ್ತು ಮನೆಗಳಷ್ಟಾದರೂ ಸಿದ್ಧವಾದರೆ ಯೋಜನೆಯ ಸಾಧಕ-ಬಾಧಕ ತಾನಾಗಿಯೇ ತಿಳಿಯುತ್ತದೆ. ಕೋಟಿಗಟ್ಟಲೆ ಬಂಡವಾಳದ ರೆಸಾರ್ಟಿಗಾಗಿ ಕಾಯುತ್ತ ಕೂರುವುದಕ್ಕಿಂತ ಈ ಸಣ್ಣ ಪ್ರಯೋಗ ಲೇಸು.