ಗಾಜು ಒಡೆದವರು ಯಾರು? ಕೈ ಕೊಯ್ಸಿಕೊಂಡವರು ಯಾರು?



ಬೆಂಗಳೂರಿನ ಯಾವುದೇ ಬಡಾವಣೆಯ ಮನೆಯಲ್ಲಿ ಒಂದು ಗಾಜಿನ ಲೋಟ ಕೈಜಾರಿ ಬಿತ್ತು ಅಂದುಕೊಳ್ಳಿ. ಮೊದಲು ಮಕ್ಕಳನ್ನು ದೂರ ಕಳಿಸ್ತಾರೆ. "ಯಾರೂ ಈ ಕಡೆ ಬರಬೇಡಿ, ಕಾಲಿಗೆ ಚುಚ್ಚುತ್ತೆ" ಅಂತಾರೆ. ಚಪ್ಪಲಿ ಮೆಟ್ಟಿಕೊಂಡು ಬಂದು, ಮೂಲೆ ಮೂಲೆ ಗುಡಿಸಿ, ಒದ್ದೆ ಬಟ್ಟೆಯಲ್ಲಿ ನೆಲ ಒರೆಸ್ತಾರೆ. ಆಮೇಲೆ ಅದೇ ಚೂರನ್ನು ರಾತ್ರಿಯ ಎಂಜಲಿನ ಜೊತೆ ಕರಿ ಕವರಿಗೆ ಸುರಿದು ಗಂಟು ಕಟ್ಟಿ ಗೇಟಿನ ಹೊರಗೆ ಇಡ್ತಾರೆ. ಅಲ್ಲಿಗೆ ಅವರ ಎಚ್ಚರಿಕೆ ಮುಗಿಯಿತು.

ಗೇಟಿನ ಒಳಗೆ ಕಾಲಿಗೆ ಚುಚ್ಚುವ ಗಾಜು ಗೇಟಿನ ಹೊರಗೆ ಹೂವಾಗಿಬಿಡುತ್ತದೆಯೇ? ಇಲ್ಲ. ಆ ಗಂಟನ್ನು ಬಿಚ್ಚುವ ಕೈ ಒಂದಿದೆ ಅಂತ ಮನೆಯವರಿಗೆ ಗೊತ್ತು. ಗೊತ್ತಿದ್ದೇ ಇಡುತ್ತಾರೆ. ಏಕೆಂದರೆ ಆ ಕೈ ಯಾರದು ಅಂತಲೂ ಗೊತ್ತು.

ಆ ಕೈ ಹೊಲೆ ಮಾದಿಗರದ್ದು. ಪಾವಗಡದ ಕಡೆಯಿಂದ, ಆಂಧ್ರದ ಕಡೆಯಿಂದ ಬಂದು ಎರಡು ಮೂರು ತಲೆಮಾರಿನಿಂದ ಈ ಊರಿನ ಬೀದಿ ಗುಡಿಸುತ್ತಿರುವ ಹೆಂಗಸರದ್ದು. ಲಾರಿ, ಆಟೋ ಮೇಲೆ ನಿಂತು ಕಸ ತುಂಬುವ ಹುಡುಗರದ್ದು. ಅವರ ಹಿಂದೆ ಚೀಲ ಹೊತ್ತು ಚಿಂದಿ ಆಯುವವರದ್ದು. ಅವರಲ್ಲಿ ನಮ್ಮೋರೂ ಇದ್ದಾರೆ, ಬಂಗಾಳದ ಕಡೆಯಿಂದ ಬಂದ ಬಡ ಮುಸಲ್ಮಾನರೂ ಇದ್ದಾರೆ. ಪುರೋಹಿತರ ಮಕ್ಕಳು ಮಾತ್ರ ಇಲ್ಲ. ಯಾಕಿಲ್ಲ ಅಂತ ಯಾರೂ ಕೇಳುವುದಿಲ್ಲ.

ನಗರದ ಗಾಜಿನ ವಿಚಾರ ನಮಗ್ಯಾಕೆ, ಅದು ಪರಿಸರದವರ ಗೋಷ್ಠಿಯ ವಿಷಯ ಅಂತ ಕೆಲವು ಗೆಳೆಯರು ಕೇಳಬಹುದು. ಪರಿಸರದವರು ಗಾಜನ್ನು ನೋಡುತ್ತಾರೆ. ನಾವು ಅದರ ಮೇಲಿನ ರಕ್ತವನ್ನು ನೋಡುತ್ತೇವೆ. ಆದ್ದರಿಂದಲೇ ಇದನ್ನು ನಾವು ಮಾತಾಡಬೇಕು.

ಮೊದಲು ಗಾಜು ಎಂದರೇನು ಅಂತ ತಿಳಿಯೋಣ. ಸಿಲಿಕಾ ಮರಳು, ಸೋಡಾ ಬೂದಿ, ಸುಣ್ಣಕಲ್ಲು ಇವನ್ನು ಸುಮಾರು 1500 ಡಿಗ್ರಿ ಕಾವಿನಲ್ಲಿ ಕರಗಿಸಿದರೆ ಗಾಜು. ಪ್ಲಾಸ್ಟಿಕ್ಕನ್ನು ಕರಗಿಸಿದ ಹಾಗೆಲ್ಲ ಅದರ ಸತ್ವ ಇಳಿಯುತ್ತದೆ. ಕಾಗದದ ನಾರು ಸಲದಿಂದ ಸಲಕ್ಕೆ ಮೋಟಾಗುತ್ತದೆ. ಗಾಜು ಹಾಗಲ್ಲ. ಎಷ್ಟು ಸಲ ಕರಗಿಸಿದರೂ ಅದೇ ಗಾಜು. ಒಂದು ಟನ್ ಒಡಕು ಗಾಜು ಕುಲುಮೆಗೆ ಹೋದರೆ ಸುಮಾರು 1.2 ಟನ್ ಹೊಸ ಕಚ್ಚಾ ಮಾಲು ಉಳಿಯುತ್ತದೆ. ಒಡಕು ಗಾಜು ಬೇಗ ಕರಗುತ್ತದೆ. ಕುಲುಮೆಗೆ ಹಾಕುವ ಮಾಲಿನಲ್ಲಿ ನೂರಕ್ಕೆ ಹತ್ತು ಪಾಲು ಒಡಕು ಗಾಜು ಸೇರಿಸಿದರೆ ಉರುವಲು ನೂರಕ್ಕೆ ಎರಡೂವರೆಯಿಂದ ಮೂರು ಪಾಲು ಉಳಿಯುತ್ತದೆ. ಒಡೆಯದ ದಪ್ಪ ಬಾಟ್ಲಿಯಾದರೆ ಕರಗಿಸುವುದೇ ಬೇಡ, ತೊಳೆದು ಇಪ್ಪತ್ತಕ್ಕೂ ಹೆಚ್ಚು ಸಲ ತುಂಬಬಹುದು.

ಇಂಥ ಮಾಲನ್ನು ನಗರ ಏನು ಮಾಡುತ್ತಿದೆ? ಇಡೀ ಬಾಟ್ಲಿಯನ್ನು ಗುಜರಿಯವನು ಕೊಳ್ಳುತ್ತಾನೆ. ಬಿಯರ್ ಬಾಟ್ಲಿ ತೊಳೆಯಲು ವಾಪಸ್ ಹೋಗುತ್ತದೆ. ಆದರೆ ಒಡೆದದ್ದಕ್ಕೆ ಗಿರಾಕಿ ಕಡಿಮೆ. ಕಾರಣ ಇದೆ. ಗಾಜು ಭಾರ, ಬೆಲೆ ಹಗುರ. ಚೀಲ ಹೊತ್ತವಳು ಒಂದು ಮೂಟೆ ಗಾಜು ಹೊತ್ತರೆ ಬೆನ್ನು ಮುರಿಯುತ್ತದೆ, ಕೈಗೆ ಬರುವ ಕಾಸಿನಲ್ಲಿ ಹೊಟ್ಟೆ ತುಂಬುವುದಿಲ್ಲ. ಅದೇ ಮೂಟೆಯಲ್ಲಿ ಪ್ಲಾಸ್ಟಿಕ್ ಬಾಟ್ಲಿ ತುಂಬಿದರೆ ಹಗುರ, ಕಾಸೂ ಜಾಸ್ತಿ. ಎರಡನೆಯದು, ಬಿಳಿ, ಕಂದು, ಹಸಿರು ಬಣ್ಣಗಳು ಬೆರೆತರೆ ಕಾರ್ಖಾನೆಯವನು ಮುಖ ಸಿಂಡರಿಸುತ್ತಾನೆ. ನಡುವೆ ಪಿಂಗಾಣಿ ಬಟ್ಟಲಿನ ಚೂರು, ಕಲ್ಲು, ಒಲೆಯ ಮೇಲಿಡುವ ಶಾಖದ ಗಾಜು ಸೇರಿದರೆ ಅವು ಆ ಕಾವಿನಲ್ಲಿ ಕರಗದೆ ಹೊಸ ಬಾಟ್ಲಿಯಲ್ಲಿ ಗಂಟು ಕಟ್ಟುತ್ತವೆ. ಮೂರನೆಯದು, ಕಸದ ಲಾರಿಯ ಯಂತ್ರ ಎಲ್ಲವನ್ನೂ ಒಟ್ಟಿಗೆ ಅದುಮಿ ಪುಡಿ ಮಾಡುತ್ತದೆ. ಪುಡಿಯಾದ ಗಾಜನ್ನು ಎಂಜಲಿನಿಂದ ಬೇರೆ ಮಾಡುವವರು ಯಾರು? ಹಾಗಾಗಿ ಅದು ಗುಂಡಿಗೆ ಹೋಗುತ್ತದೆ. ಮಾವಳ್ಳಿಪುರದ ಜನ ಎದ್ದು ನಿಂತರು, 2012ರಲ್ಲಿ ಅಲ್ಲಿಗೆ ಲಾರಿ ನಿಂತಿತು. ಮಂಡೂರಿನ ಜನ ಎದ್ದರು, 2014ರಲ್ಲಿ ಅಲ್ಲಿ ನಿಂತಿತು. ಲಾರಿ ಇನ್ನೊಂದು ಹಳ್ಳಿಯ ದಾರಿ ಹಿಡಿಯಿತು. ಹಳ್ಳಿ ಬದಲಾಯಿತು, ಕಸ ಬದಲಾಗಲಿಲ್ಲ, ಅದನ್ನು ಎತ್ತುವ ಜಾತಿಯೂ ಬದಲಾಗಲಿಲ್ಲ.

ಇನ್ನೂ ಒಂದಿದೆ. ಬೆರೆತ ಕಸದಿಂದ ಗೊಬ್ಬರ ಮಾಡಿದರೆ ಗಾಜಿನ ಹರಳು ಗೊಬ್ಬರದೊಳಗೇ ಉಳಿಯುತ್ತದೆ. ಆ ಗೊಬ್ಬರ ಹೊಲಕ್ಕೆ ಹೋಗುತ್ತದೆ. ಹೊಲದೊಡೆಯ ಬದುವಿನ ಮೇಲೆ ನಿಂತಿರುತ್ತಾನೆ. ಬರಿಗಾಲಲ್ಲಿ ಕೆಸರಿಗೆ ಇಳಿಯುವವಳು ಕೂಲಿ ಹೆಂಗಸು. ಪಟ್ಟಣದಲ್ಲಿ ಅಣ್ಣನ ಕೈ ಕೊಯ್ದ ಗಾಜು ಊರಿನಲ್ಲಿ ತಂಗಿಯ ಕಾಲನ್ನು ಹುಡುಕಿಕೊಂಡು ಹೋಗುತ್ತದೆ. ನೋಡಿ, ಗಾಜಿಗೂ ನಮ್ಮ ಕೇರಿಯ ವಿಳಾಸ ಗೊತ್ತು!

ಇದನ್ನು ಕೇಳಿದರೆ ಅಧಿಕಾರಿಗಳ ಹತ್ತಿರ ಸಿದ್ಧ ಉತ್ತರ ಇದೆ. "ಗ್ಲೌಸ್ ಕೊಟ್ಟಿದ್ದೀವಿ, ಇವರೇ ಹಾಕಿಕೊಳ್ಳಲ್ಲ." ಸ್ವಾಮಿ, ಆ ಗ್ಲೌಸನ್ನು ನೀವು ಒಂದು ದಿನ ಹಾಕಿಕೊಂಡು ಕರಿ ಕವರು ಬಿಚ್ಚಿ ನೋಡಿ. ಬಟ್ಟೆಯದ್ದಾದರೆ ಎಂಜಲ ನೀರು ಕುಡಿದು ನಾರುತ್ತದೆ. ತೆಳು ರಬ್ಬರಿನದ್ದಾದರೆ ಬೆವರು ಹಿಡಿಯುತ್ತದೆ, ಮೊದಲ ಗಾಜಿಗೇ ಹರಿಯುತ್ತದೆ. ಹರಿದ ಮೇಲೆ ಇನ್ನೊಂದು ಜೊತೆ ಕೇಳಿದರೆ ಮೇಸ್ತ್ರಿಯ ಬೈಗುಳ. ಕೈ ಕೊಯ್ದರೆ ನಲ್ಲಿ ನೀರಲ್ಲಿ ತೊಳೆದು, ಸೆರಗಿನ ಚಿಂದಿ ಸುತ್ತಿ, ಮತ್ತೆ ಪೊರಕೆ. ಟಿ.ಟಿ. ಇಂಜೆಕ್ಷನ್ನಿಗೆ ಅಂತ ಆಸ್ಪತ್ರೆಗೆ ಹೋದರೆ ಗುತ್ತಿಗೆಯವನ ಪುಸ್ತಕದಲ್ಲಿ ಆ ದಿನ ಗೈರುಹಾಜರಿ. ಬಲಗೈಗೆ ಕೀವು ತುಂಬಿದರೆ ಕೂಲಿ ಹೋಯಿತು. ಇದನ್ನು ಯಾರೂ ಅಪಘಾತ ಅಂತ ಬರೆದುಕೊಳ್ಳುವುದಿಲ್ಲ. ಕಸ ಎತ್ತುವವರ ಕೈ ಕೊಯ್ಯುವುದು ಸೂರ್ಯ ಹುಟ್ಟಿದಷ್ಟೇ ಸಹಜ ಅಂತ ನಂಬಿರುವ ವ್ಯವಸ್ಥೆ ಇದು.

ಎರಡನೇ ಉತ್ತರ: "ಜನರಲ್ಲಿ ಜಾಗೃತಿ ಇಲ್ಲ." ಇದು ಸುಳ್ಳು. ತಮ್ಮ ಮಗುವಿನ ಕಾಲಿಗೆ ಗಾಜು ಚುಚ್ಚುತ್ತೆ ಅಂತ ಜಾಗೃತಿ ಇರುವವರಿಗೆ ಇನ್ನೊಬ್ಬರ ಮಗುವಿನ ಕೈಗೆ ಚುಚ್ಚುತ್ತೆ ಅಂತ ಗೊತ್ತಾಗಲು ಯಾವ ಶಿಬಿರ ಬೇಕು? 2014ರ ಅಕ್ಟೋಬರ್ 2ರಂದು ಸ್ವಚ್ಛ ಭಾರತ ಅಂತ ದೊಡ್ಡವರೆಲ್ಲ ಪೊರಕೆ ಹಿಡಿದು ಫೋಟೋ ತೆಗೆಸಿಕೊಂಡರು. ಪೊರಕೆ ಹಿಡಿದದ್ದು ಅರ್ಧ ಗಂಟೆ. ಮರುದಿನ ಆ ಪೊರಕೆ ಯಾರ ಕೈಗೆ ವಾಪಸ್ ಬಂತು ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಇಲ್ಲಿ ಇಲ್ಲದಿರುವುದು ನಾಚಿಕೆ. ಅದಕ್ಕೆ ಜಾಗೃತಿ ಅನ್ನೋ ಒಳ್ಳೆ ಹೆಸರು ಕೊಟ್ಟಿದ್ದಾರೆ.

ಮೂರನೇ ಉತ್ತರ: "ಗಾಜಿನಲ್ಲಿ ಲಾಭ ಇಲ್ಲ, ಯಾರು ದುಡ್ಡು ಹಾಕ್ತಾರೆ?" ದುಡ್ಡು ಯಾರು ಹಾಕಬೇಕು ಅಂತ ಕಾಯಿದೆಯೇ ಹೇಳಿತ್ತು. 2016ರ ಘನತ್ಯಾಜ್ಯ ನಿಯಮಗಳ 17ನೇ ನಿಯಮದಲ್ಲಿ, ತಗಡು, ಗಾಜು, ಪ್ಲಾಸ್ಟಿಕ್ ಪೊಟ್ಟಣದ ಮಾಲು ಮಾಡುವ ಕಂಪನಿಗಳು ಕಸದ ವ್ಯವಸ್ಥೆ ಕಟ್ಟಲು ಪಾಲಿಕೆಗಳಿಗೆ ಹಣ ಕೊಡಬೇಕು ಅಂತ ಇತ್ತು. ಆ ಹಣದಲ್ಲಿ ನಮ್ಮ ಕೈಗೆ ಒಂದು ಗಟ್ಟಿ ಗ್ಲೌಸ್ ಬಂತೇ? ಪ್ಲಾಸ್ಟಿಕ್ ಮಾಡುವವರ ಹೊಣೆಗೆ 2022ರಲ್ಲಿ ವಿವರವಾದ ನಿಯಮ ಬಂತು. ಗಾಜು, ಕಾಗದ, ಲೋಹದ ಪೊಟ್ಟಣದವರ ಹೊಣೆಗೆ ಕರಡು ಹೊರಬಿದ್ದದ್ದು 2024ರ ಡಿಸೆಂಬರಿನಲ್ಲಿ. ಕಂಪನಿಗಳ ವಿಷಯ ಬಂದರೆ ಸರ್ಕಾರದ ಕಾಲಿಗೆ ಯಾವಾಗಲೂ ಗಾಜು ಚುಚ್ಚಿರುತ್ತದೆ, ನಿಧಾನಕ್ಕೇ ನಡೆಯುತ್ತದೆ.

ಇನ್ನು ಹೆಂಡದ ವಿಷಯ. ಕರ್ನಾಟಕದಲ್ಲಿ ಮದ್ಯದ ಸಗಟು ವ್ಯಾಪಾರ 2003ರಿಂದ ಸರ್ಕಾರದ್ದೇ ಪಾನೀಯ ನಿಗಮದ ಕೈಯಲ್ಲಿದೆ. ಬಾಟ್ಲಿಗಳು ಸರ್ಕಾರದ ಗೋದಾಮು ದಾಟಿಯೇ ಅಂಗಡಿಗೆ ಬರುತ್ತವೆ. 2023-24ರಲ್ಲಿ ಅಬಕಾರಿಯಿಂದ ಬೊಕ್ಕಸಕ್ಕೆ 30 ಸಾವಿರ ಕೋಟಿ ರೂಪಾಯಿಗೂ ಮೀರಿ ಬಂತು. ಹೋಗುವಾಗ ಬಾಟ್ಲಿ ಎಣಿಸುವ ಸರ್ಕಾರಕ್ಕೆ ವಾಪಸ್ ಬರುವಾಗ ಎಣಿಸೋಕೆ ಬರಲ್ಲವೇ? "ನಿಮ್ಮೋರೇ ಕುಡಿದು ಎಸೀತಾರೆ" ಅಂತ ಮೂದಲಿಸುವವರಿಗೆ ಒಂದು ಮಾತು. ಕೂಲಿಯವನ ಕೈಗೆ ಸಿಗುವ ಅಗ್ಗದ ಮಾಲು ಬಹಳ ಮಟ್ಟಿಗೆ ಟೆಟ್ರಾ ಪ್ಯಾಕಿನಲ್ಲಿ ಬರುತ್ತದೆ. ಸೀಸೆ ಜಾಸ್ತಿ ಖಾಲಿಯಾಗುವುದು ಕ್ಲಬ್ಬಿನಲ್ಲಿ, ಬಂಗಲೆಯಲ್ಲಿ, ಕಲ್ಯಾಣ ಮಂಟಪದ ಹಿತ್ತಲಲ್ಲಿ.

ಪಕ್ಕದ ತಮಿಳುನಾಡನ್ನು ನೋಡಿ. 2022ರಲ್ಲಿ ಮದರಾಸು ಹೈಕೋರ್ಟಿನ ಆದೇಶದ ಮೇಲೆ ನೀಲಗಿರಿ ಜಿಲ್ಲೆಯ ಸರ್ಕಾರಿ ಮದ್ಯದಂಗಡಿಗಳಲ್ಲಿ ಬಾಟ್ಲಿಗೆ 10 ರೂಪಾಯಿ ಹೆಚ್ಚಿಗೆ ಪಡೆದು, ಖಾಲಿ ಬಾಟ್ಲಿ ತಂದುಕೊಟ್ಟರೆ ಹಿಂತಿರುಗಿಸಲು ಶುರುಮಾಡಿದರು. ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಬಾಟ್ಲಿ ವಾಪಸ್ ಬಂದವು. ಆಮೇಲೆ ಬೇರೆ ಜಿಲ್ಲೆಗಳಿಗೂ ಹಬ್ಬಿಸಿದರು. ಶಿಬಿರ ಇಲ್ಲ, ಭಾಷಣ ಇಲ್ಲ. ಹತ್ತು ರೂಪಾಯಿಯೇ ಜಾಗೃತಿ ಮೂಡಿಸಿತು! ಆದರೆ ಆ ಮೊಕದ್ದಮೆ ಎದ್ದದ್ದು ಯಾಕೆ? ಕಾಡಿನಲ್ಲಿ ಬಿದ್ದ ಒಡಕು ಬಾಟ್ಲಿ ಆನೆಗಳ ಕಾಲಿಗೆ ಚುಚ್ಚುತ್ತಿತ್ತು ಅಂತ. ಒಳ್ಳೆಯದೇ ಆಯಿತು. ನಮಗೆ ಆನೆಯ ಮೇಲೆ ಹೊಟ್ಟೆಕಿಚ್ಚಿಲ್ಲ, ಆನೆ ನಡೆಯುವ ದಾರಿ ಹಸನಾಗಿರಲಿ. ನಾವು ಕೇಳೋದು ಇಷ್ಟೆ: ಆನೆಯ ಕಾಲಿಗೆ ಮರುಗಿದ ದೇಶ ಮನುಷ್ಯರ ಕೈಗೆ ಯಾವಾಗ ಮರುಗುತ್ತದೆ?

ಜರ್ಮನಿಯಲ್ಲಿ ಬೀದಿ ಬೀದಿಗೆ ಬಿಳಿ, ಕಂದು, ಹಸಿರು ಗಾಜಿಗೆ ಬೇರೆ ಬೇರೆ ಪೆಟ್ಟಿಗೆ ಇರುತ್ತವೆ. ಕುಡಿದವನೇ ತನ್ನ ಬಾಟ್ಲಿ ಹೊತ್ತುಕೊಂಡು ಹೋಗಿ ಹಾಕುತ್ತಾನೆ. ಪ್ರೊಫೆಸರೂ ಹೋಗುತ್ತಾನೆ, ವೈದ್ಯನೂ ಹೋಗುತ್ತಾನೆ. ಅವರ ಮೈಲಿಗೆ ಹೊರಲು ಹುಟ್ಟಿನಿಂದಲೇ ಗುರುತು ಹಾಕಿಟ್ಟ ಜಾತಿ ಅಲ್ಲಿಲ್ಲ. ಇಲ್ಲಿ ಗಾಜಿನ ಪೆಟ್ಟಿಗೆ ಬರದಿರುವುದಕ್ಕೆ ಕಾರಣ ಬಡತನ ಅಂತ ಹೇಳಬೇಡಿ. ಮೇಲ್ಸೇತುವೆ ಕಟ್ಟೋಕೆ ಬಡತನ ಅಡ್ಡಬರಲಿಲ್ಲ. ಅಗ್ಗದ ಕೈಗಳು ಸಿಗುವ ತನಕ ಪೆಟ್ಟಿಗೆ ಯಾಕೆ ಬೇಕು ಅನ್ನುವ ಲೆಕ್ಕಾಚಾರ ಇದು.

ಈಗ ನಮ್ಮೊಳಗಿನ ಒಂದು ಪ್ರಶ್ನೆ. "ಕಸದ ಕೆಲಸವನ್ನು ಚೆಂದ ಮಾಡಿ ಅಂತ ನಾವ್ಯಾಕೆ ಕೇಳಬೇಕು? ನಮ್ಮ ಮಕ್ಕಳು ಆ ಕೆಲಸದಿಂದ ಹೊರಗೆ ಬರಬೇಕು, ಅಷ್ಟೆ" ಅನ್ನುವ ಗೆಳೆಯರಿದ್ದಾರೆ. ಅವರ ಸಿಟ್ಟು ನ್ಯಾಯವಾದದ್ದು. ಪೊರಕೆಗೆ ಚಿನ್ನದ ಹಿಡಿ ಹಾಕಿಸಿಕೊಡಿ ಅಂತ ಯಾರೂ ಕೇಳುತ್ತಿಲ್ಲ. ಆದರೆ ಚರಿತ್ರೆ ನೋಡಿ. 1970ರ ದಶಕದ ಮೊದಲಲ್ಲಿ ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಲು ಆಜ್ಞೆ ಮಾಡಿದರು. ಹೊರುವವರ ಜಾತಿ ಬದಲಾಗಲಿ ಅಂತ ಕಾಯಲಿಲ್ಲ. ಹೊರುವ ರೀತಿಯನ್ನೇ ಮುರಿಯಲು ಹೊರಟರು. ಬಾಬಾಸಾಹೇಬರು ಮುಂಬಯಿಯಲ್ಲಿ ಪಾಲಿಕೆಯ ಕಾರ್ಮಿಕರ ಸಂಘ ಕಟ್ಟಿದರು. ಕೆಲಸ ಬಿಡುವ ತನಕ ಸಾಯಿರಿ ಅಂತ ಹೇಳಲಿಲ್ಲ. 1976ರ ಐ.ಪಿ.ಡಿ. ಸಾಲಪ್ಪ ವರದಿ ಹಿಡಿದುಕೊಂಡು ಪೌರಕಾರ್ಮಿಕರು ದಶಕಗಟ್ಟಲೆ ಬೀದಿಗಿಳಿದರು. 2025ರ ಮೇ ದಿನ ಬೆಂಗಳೂರಿನಲ್ಲಿ 12 ಸಾವಿರಕ್ಕೂ ಹೆಚ್ಚು ಪೌರಕಾರ್ಮಿಕರಿಗೆ ಕಾಯಂ ಪತ್ರ ಸಿಕ್ಕಿತು. ಯಾರೂ ದಾನ ಕೊಟ್ಟದ್ದಲ್ಲ, ಕಿತ್ತುಕೊಂಡದ್ದು. ಕಸದ ಆಟೋ, ಲಾರಿಯ ಲೋಡರುಗಳು ಆ ಸಾಲಿನಲ್ಲಿ ಇರಲಿಲ್ಲ. ಗಾಜು ಹೆಚ್ಚು ಕೊಯ್ಯುವುದೂ ಅವರನ್ನೇ.

ಹೊರಬರುವ ದಾರಿ ಇದೇ. ಕುಡಿದವನು, ತಿಂದವನು ತನ್ನ ಗಾಜನ್ನು ತಾನೇ ಹೊತ್ತ ದಿನ ಕಸ ನಮ್ಮ ಜಾತಿಯ ಹಣೆಬರಹ ಆಗಿ ಉಳಿಯುವುದಿಲ್ಲ. ಬೇರ್ಪಡಿಸುವುದು ಯಂತ್ರದ ಕೆಲಸವಾಗಿ, ಸಂಬಳದ ಕೆಲಸವಾಗಿ ಆದ ದಿನ ಅದಕ್ಕೆ ಅರ್ಜಿ ಹಾಕಲು ಎಲ್ಲ ಜಾತಿಯವರೂ ಬರುತ್ತಾರೆ. ಅಲ್ಲಿ ಆಗ ನಾವೇ ಮೊದಲ ಹಕ್ಕುದಾರರು ಅನ್ನುವುದನ್ನೂ ಈಗಲೇ ಬರೆಸಿಕೊಳ್ಳಬೇಕು. 2011ರಲ್ಲಿ ಬೆಂಗಳೂರು ಪಾಲಿಕೆ ಚಿಂದಿ ಆಯುವವರಿಗೆ ಗುರುತಿನ ಚೀಟಿ ಕೊಡಲು ಶುರು ಮಾಡಿತು. ಚೀಟಿ ಕೊಟ್ಟವರು ಯಂತ್ರ ಬಂದಾಗ ಅವರನ್ನು ಹೊರಗೆ ತಳ್ಳಕೂಡದು.

ಆದ್ದರಿಂದ ನಮ್ಮ ಒತ್ತಾಯ:

1. ಮದ್ಯದ, ಪಾನೀಯದ ಪ್ರತಿ ಗಾಜಿನ ಬಾಟ್ಲಿಗೂ ಠೇವಣಿ. ಮಾರಿದ ಅಂಗಡಿಯೇ ವಾಪಸ್ ತಗೋಬೇಕು.

2. ಪ್ರತಿ ಬೀದಿಗೂ ಬಣ್ಣವಾರು ಗಾಜಿನ ಪೆಟ್ಟಿಗೆ. ಹೋಟೆಲು, ಬಾರು, ಕಲ್ಯಾಣ ಮಂಟಪಗಳು ಗಾಜನ್ನು ಬೇರೆ ಡಬ್ಬದಲ್ಲೇ ಕೊಡಬೇಕು.

3. ಒಡೆದ ಗಾಜನ್ನು ದಪ್ಪ ಕಾಗದದಲ್ಲಿ ಸುತ್ತಿ, ಮೇಲೆ ಗುರುತು ಹಾಕಿ, ಬೇರೆಯಾಗಿ ಕೊಡಬೇಕು. ಎಂಜಲಿನಲ್ಲಿ ಗಾಜು ಸಿಕ್ಕರೆ ಆ ಮನೆಯ ಕಸ ಎತ್ತದೆ ಬಿಡುವ ಹಕ್ಕು ಕಾರ್ಮಿಕರಿಗಿರಬೇಕು, ದಂಡ ಮನೆಯವರಿಗೆ.

4. ಒಣಕಸ ಕೇಂದ್ರಗಳಲ್ಲಿ ಒಡಕು ಗಾಜಿಗೂ ಕಿಲೋ ಲೆಕ್ಕದಲ್ಲಿ ನಿಗದಿ ಬೆಲೆ. ವ್ಯತ್ಯಾಸದ ಹಣವನ್ನೂ ಕುಲುಮೆಗೆ ಸಾಗಿಸುವ ಬಾಡಿಗೆಯನ್ನೂ ಬಾಟ್ಲಿ ಕಂಪನಿಗಳಿಂದ ವಸೂಲು ಮಾಡಬೇಕು.

5. ಗಾಜಿನ ಗಾಯ ಕೆಲಸದ ಅಪಘಾತ ಅಂತ ದಾಖಲಾಗಬೇಕು. ಸಂಬಳ ಸಹಿತ ರಜೆ, ಔಷಧಿ, ಪರಿಹಾರ. ಲೋಡರಿಗೂ, ಚಿಂದಿ ಆಯುವವರಿಗೂ.

6. ಗಾಜು ತೊಳೆಯುವ, ಬೇರ್ಪಡಿಸುವ ಘಟಕಗಳು ಇಂದು ಕಸ ಆಯುತ್ತಿರುವವರ ಸಹಕಾರ ಸಂಘಗಳ ಒಡೆತನದಲ್ಲಿ ಬರಬೇಕು.

2025ರಲ್ಲಿ ಬೆಂಗಳೂರನ್ನು ಐದು ಪಾಲಿಕೆ ಮಾಡಿದರು. ಐದು ಬೋರ್ಡು ಬಂದವು, ಐವರು ಕಮಿಷನರು ಬಂದರು. ಒಳ್ಳೆಯದು, ಈಗ ಮುತ್ತಿಗೆ ಹಾಕಲು ಐದು ಬಾಗಿಲು ಸಿಕ್ಕವು. ಪ್ರತಿ ಕೇರಿಯಲ್ಲಿ, ಪ್ರತಿ ಮಸ್ಟರಿಂಗ್ ಜಾಗದಲ್ಲಿ ಒಂದು ಪುಸ್ತಕ ಇಡಿ. ಯಾರ ಕೈ, ಯಾವ ದಿನ, ಯಾವ ಬೀದಿಯಲ್ಲಿ ಕೊಯ್ಯಿತು ಅಂತ ಬರೆದಿಡಿ. ಬರೆಯಲು ಬಾರದವರು ಶಾಲೆಗೆ ಹೋಗುವ ಮಕ್ಕಳ ಕೈಲಿ ಬರೆಸಿ. ಆರು ತಿಂಗಳ ಮೇಲೆ ಆ ಪುಸ್ತಕಗಳನ್ನೆಲ್ಲ ಒಟ್ಟುಮಾಡಿ ಐದೂ ಬಾಗಿಲಿಗೆ ಒಂದೇ ದಿನ ಹೋಗೋಣ.

ಅಧಿಕಾರಿ "ಅಂಕಿಅಂಶ ಎಲ್ಲಿ?" ಅಂತ ಕೇಳುತ್ತಾನೆ. ಪುಸ್ತಕ ಮೇಜಿನ ಮೇಲಿಡಿ. ಪಕ್ಕದಲ್ಲಿ ಕೈಯನ್ನೂ ಇಡಿ.