ಮನೆವಾರ್ತೆಯ ಲೆಕ್ಕ: ಮೋಟಾರಿನ ಮೆತ್ತೆ ತೊಳೆಯುವ ಕೂಲಿ

ಕಾಸಿಗೆ ತಕ್ಕ ಕಜ್ಜಾಯವೆಂಬ ಗಾದೆಯನ್ನು ನಾವು ಸಾಮಾನ್ಯವಾಗಿ ಕೊಳ್ಳುವವರ ಪಕ್ಷದಿಂದಲೇ ಹೇಳುವುದುಂಟು. ಕಜ್ಜಾಯವನ್ನು ಕರಿಯುವವರ ಪಕ್ಷದಿಂದಲೂ ಅದಕ್ಕೊಂದು ಅರ್ಥವುಂಟು. ತನ್ನ ಕಜ್ಜಾಯಕ್ಕೆ ಎಷ್ಟು ಅಕ್ಕಿ, ಎಷ್ಟು ಬೆಲ್ಲ, ಎಷ್ಟು ಎಣ್ಣೆ, ಎಷ್ಟು ಹೊತ್ತು ಹಿಡಿಯಿತೆಂಬುದನ್ನು ಅರಿಯದವನು ಎಷ್ಟು ಕಾಸು ಕೇಳಬೇಕೆಂಬುದನ್ನೂ ಅರಿಯನು. ಕೆಲಸ ಸಿಕ್ಕದೆ ಮುಳುಗುವ ಉದ್ಯೋಗಗಳಿರುವಂತೆಯೇ, ಸಿಕ್ಕಿದ ಕೆಲಸಕ್ಕೆ ತಕ್ಕ ಬೆಲೆ ಕಟ್ಟಲಾರದೆ ಮುಳುಗುವ ಉದ್ಯೋಗಗಳೂ ಇವೆ.

ಈ ತಿಂಗಳು ಬೆಂಗಳೂರಿನ ಗೃಹಿಣಿಯೊಬ್ಬರು ಇಂಥದೇ ಒಂದು ಸಂಗತಿಯನ್ನು ಬರೆದು ಕೇಳಿದ್ದಾರೆ. ಅವರ ಮಗನು ಸಾಲಮಾಡಿ ಯಂತ್ರವೊಂದನ್ನು ಕೊಂಡು, ಕರೆದಲ್ಲಿಗೆ ಹೋಗಿ, ಮೋಟಾರು ಗಾಡಿಗಳ ಒಳಗಿನ ಆಸನದ ಮೆತ್ತೆಗಳನ್ನು ತೊಳೆದುಕೊಡುವ ಉದ್ಯೋಗವನ್ನು ಹಿಡಿದಿದ್ದಾನೆ. ಗಿರಾಕಿಗಳಿಗೆ ಕೊರತೆಯಿಲ್ಲ, ಬೆಳಗಿನಿಂದ ಬೈಗಿನವರೆಗೆ ಅವನಿಗೆ ಬಿಡುವೂ ಇಲ್ಲ. ಆದರೂ ತಿಂಗಳ ಕಡೆಗೆ ಸಾಲದ ಕಂತನ್ನು ಕಟ್ಟಿದ ಮೇಲೆ ಮನೆಗೆ ಕೊಡಲು ಏನೂ ಉಳಿಯದು. ಪಕ್ಕದ ಬೀದಿಯವನು ಕೇಳುವ ಬೆಲೆಗಿಂತ ನೂರು ರೂಪಾಯಿ ಕಡಮೆ ಕೇಳುವುದು ಅವನ ಪದ್ಧತಿಯಂತೆ. ಇದರಲ್ಲಿ ತಪ್ಪೇನೆಂಬುದು ತಾಯಿಯ ಪ್ರಶ್ನೆ.

ಕಡಮೆ ಕೇಳುವುದು ತಪ್ಪಲ್ಲ. ತನ್ನ ಲೆಕ್ಕವನ್ನು ಬಿಟ್ಟು ನೆರೆಯವನ ಲೆಕ್ಕದಿಂದ ಕೇಳುವುದು ಮಾತ್ರ ತಪ್ಪು. ಆ ನೆರೆಯವನು ತನ್ನ ಖರ್ಚನ್ನು ಸರಿಯಾಗಿ ಎಣಿಸಿರುವನೆಂಬುದಕ್ಕೆ ಆಧಾರವೇನು? ಇಬ್ಬರೂ ಒಂದೇ ಹಳ್ಳಕ್ಕೆ ನಡೆಯುತ್ತಿರಬಹುದು.

ಮೊದಲು ಈ ಕೆಲಸದ ಸ್ವರೂಪವನ್ನು ತಿಳಿಯತಕ್ಕುದು. ಹಿಂದಿನ ಮೋಟಾರುಗಳ ಆಸನಗಳಲ್ಲಿ ಉಕ್ಕಿನ ಸುರುಳಿಗಳ ಮೇಲೆ ಕುದುರೆಯ ಕೂದಲನ್ನೋ ತೆಂಗಿನ ನಾರನ್ನೋ ತುಂಬುತ್ತಿದ್ದರು. ೧೯೩೭ರಲ್ಲಿ ಜರ್ಮನಿಯ ಓಟೋ ಬಾಯರ್ ಎಂಬ ರಸಾಯನಶಾಸ್ತ್ರಜ್ಞರೂ ಅವರ ಸಂಗಡಿಗರೂ ಪಾಲಿಯುರೆಥೇನ್ ಎಂಬ ವಸ್ತುವಿನ ತಯಾರಿಕೆಯ ಮಾರ್ಗವನ್ನು ಕಂಡುಹಿಡಿದರು. ಇಂದಿನ ಆಸನಗಳೊಳಗಿನ ಮೆದುವಾದ ಫೋಮ್ ಅದರಿಂದಲೇ ಆದುದು. ಕೂತವರಿಗೆ ಅದು ಎಷ್ಟು ಹಿತವೋ ತೊಳೆಯುವವನಿಗೆ ಅಷ್ಟೇ ಕಷ್ಟ. ನೀರು ಬಿದ್ದರೆ ಸ್ಪಂಜಿನಂತೆ ಒಳಗೆಳೆದುಕೊಳ್ಳುವುದು. ಆದುದರಿಂದ ಮೆತ್ತೆಯನ್ನು ತೊಳೆಯುವ ಕೆಲಸದಲ್ಲಿ ನೀರು ಹಾಕುವುದು ಅಲ್ಪ ಭಾಗ, ಹಾಕಿದ ನೀರನ್ನು ಕೊಳೆಯೊಡನೆ ಮರಳಿ ಹೀರಿ ತೆಗೆಯುವುದೇ ದೊಡ್ಡ ಭಾಗ. ಒಳಗೆ ತೇವ ಉಳಿದ ಮೆತ್ತೆಯಲ್ಲಿ ಒಂದೆರಡು ದಿನಗಳೊಳಗಾಗಿ ಬೂಷ್ಟು ಹಿಡಿಯಲಾರಂಭಿಸುವುದು. ಮುಚ್ಚಿದ ಗಾಡಿಯ ಬಾಗಿಲು ತೆರೆದೊಡನೆ ಮುಗ್ಗಲು ವಾಸನೆ ಬಡಿಯುವುದಕ್ಕೆ ಬಹುಮಟ್ಟಿಗೆ ಇದೇ ಕಾರಣ.

ಬಟ್ಟೆಯ ಹೊದಿಕೆಯುಳ್ಳ ಐದು ಆಸನಗಳ ಸಾಧಾರಣ ಗಾಡಿಯೊಂದನ್ನು ತೆಗೆದುಕೊಳ್ಳೋಣ. ಕೆಲಸಕ್ಕೆ ಮೊದಲು ಕಲೆಗಳನ್ನು ನೋಡಿ ಗುರುತಿಸಲು ೧೦ ನಿಮಿಷ. ಒಣಧೂಳನ್ನು, ಮರಳನ್ನು ಯಂತ್ರದಿಂದ ಹೀರಲು ೩೦ ನಿಮಿಷ. ಸಾಬೂನಿನ ದ್ರಾವಣವನ್ನು ಸಿಂಪಡಿಸಿ, ನೆನೆಯಬಿಟ್ಟು, ಕುಂಚದಿಂದ ಉಜ್ಜಲು ೪೦ ನಿಮಿಷ. ತಿಳಿನೀರು ಹಾಯಿಸಿ ಹೀರಿ ತೆಗೆಯಲು ೫೦ ನಿಮಿಷ. ಒರಸಿ, ಪಟ್ಟಿಗಳನ್ನು ನೋಡಿ, ಗಾಡಿಯನ್ನು ಒಪ್ಪಿಸಲು ೨೦ ನಿಮಿಷ. ಒಟ್ಟು ಎರಡೂವರೆ ಗಂಟೆ. ನಮ್ಮ ಯುವಕರು ಇಲ್ಲಿಗೆ ಗೆರೆ ಎಳೆದುಬಿಡುತ್ತಾರೆ. ಆದರೆ ಬೆಂಗಳೂರಿನ ಬೀದಿಗಳಲ್ಲಿ ಹೋಗಿಬರಲು ಒಂದು ಗಂಟೆ ಬೇಡವೆ? ಮನೆಗೆ ಬಂದು ಯಂತ್ರದ ಕೊಳಕು ನೀರನ್ನು ಚೆಲ್ಲಿ, ಒರಸುವ ಬಟ್ಟೆಗಳನ್ನು ಒಗೆಯಲು, ನಾಳಿನ ಗಿರಾಕಿಯೊಡನೆ ಮಾತಾಡಲು ಅರ್ಧ ಗಂಟೆ ಬೇಡವೆ? ಆಗ ನಾಲ್ಕು ಗಂಟೆಯಾಯಿತು. ಎರಡೂವರೆ ಗಂಟೆಗೆ ಕೂಲಿ ಪಡೆದು ನಾಲ್ಕು ಗಂಟೆ ದುಡಿಯುವವನ ಮನೆಗೆ ಹಣವೆಲ್ಲಿಂದ ಬರಬೇಕು?

ಇನ್ನು ರೂಪಾಯಿಗಳ ಲೆಕ್ಕ. ಕೆಳಗಿನ ಅಂಕಿಗಳು ಮಾರ್ಗ ತೋರಿಸುವುದಕ್ಕಾಗಿ ಇಟ್ಟುಕೊಂಡವು. ಪ್ರತಿಯೊಬ್ಬನೂ ತನ್ನ ಊರಿನ, ತನ್ನ ಕೆಲಸದ ಅಂಕಿಗಳನ್ನು ಅವುಗಳ ಸ್ಥಾನದಲ್ಲಿ ಬರೆದುಕೊಳ್ಳತಕ್ಕುದು. ಯಂತ್ರದ ಬೆಲೆ ೨೪,೦೦೦ ರೂಪಾಯಿ, ಅದು ೬೦೦ ಗಾಡಿಗಳಿಗೆ ಬಾಳುವುದೆಂದಿಟ್ಟರೆ ಒಂದು ಗಾಡಿಗೆ ೪೦ ರೂಪಾಯಿ ಸವಕಳಿ. ದೂರವಾಣಿ, ಸಾಮಾನಿಡುವ ಸ್ಥಳ, ವಿಮೆ, ಸಾಲದ ಬಡ್ಡಿ ಮೊದಲಾದ ಮೇಲುವೆಚ್ಚಗಳು ತಿಂಗಳಿಗೆ ೬,೦೦೦ ರೂಪಾಯಿ, ಗಾಡಿಗಳು ತಿಂಗಳಿಗೆ ೪೦ ಎಂದಿಟ್ಟರೆ ಒಂದೊಂದರ ಪಾಲು ೧೫೦.

ಕೂಲಿ, ೪ ಗಂಟೆ, ಗಂಟೆಗೆ ೧೫೦ರಂತೆ — ರೂ. ೬೦೦
ಸಾಬೂನು, ದ್ರಾವಣಗಳು — ರೂ. ೬೦
ಕುಂಚ, ಒರಸುವ ಬಟ್ಟೆಗಳ ಸವೆತ — ರೂ. ೨೦
ಯಂತ್ರದ ಸವಕಳಿ — ರೂ. ೪೦
ವಿದ್ಯುತ್ತು, ನೀರು — ರೂ. ೨೦
ಹೋಗಿಬರುವ ವೆಚ್ಚ — ರೂ. ೬೦
ಮೇಲುವೆಚ್ಚದ ಪಾಲು — ರೂ. ೧೫೦
ಮರುಕೆಲಸ, ಕೆಟ್ಟುದು, ಒಡೆದುದು — ರೂ. ೫೦
ಒಟ್ಟು ಅಸಲು — ರೂ. ೧,೦೦೦

ಇದರ ಮೇಲೆ ನೂರಕ್ಕೆ ೨೫ರಂತೆ ಲಾಭವಿಟ್ಟರೆ ಬೆಲೆ ೧,೨೫೦ ರೂಪಾಯಿ. ಇಲ್ಲೊಂದು ಸೂಕ್ಷ್ಮವುಂಟು. ಅಸಲಿನ ಮೇಲೆ ನೂರಕ್ಕೆ ೨೫ ಕೂಡಿಸಿದರೆ, ಕೈಗೆ ಬಂದ ಬೆಲೆಯಲ್ಲಿ ಲಾಭವು ನೂರಕ್ಕೆ ೨೦ ಮಾತ್ರ. ಈ ಎರಡನ್ನೂ ಒಂದೇ ಎಂದು ಬಗೆದು, ೨೫ ಲಾಭವಿದೆಯಲ್ಲಾ ಎಂದು ಗಿರಾಕಿಗೆ ನೂರಕ್ಕೆ ೨೫ ರಿಯಾಯಿತಿ ಕೊಟ್ಟವನು ೯೩೮ ರೂಪಾಯಿಗೆ ಇಳಿದು, ಅಸಲಿನಲ್ಲಿಯೇ ೬೨ ರೂಪಾಯಿ ಕಳೆದುಕೊಳ್ಳುವನು. ಪಕ್ಕದ ಬೀದಿಯವನು ಸಾವಿರಕ್ಕೆ ಮಾಡಿಕೊಡುವನೆಂದು ನಮ್ಮ ಹುಡುಗನು ೯೦೦ ಕೇಳಿದರೆ ಗಾಡಿಯೊಂದಕ್ಕೆ ನೂರು ನಷ್ಟ; ೪೦ ಗಾಡಿಗೆ ೪,೦೦೦. ಕೆಲಸ ಹೆಚ್ಚಿದಷ್ಟೂ ನಷ್ಟ ಹೆಚ್ಚು. ಬಿಡುವಿಲ್ಲದ ದುಡಿಮೆಯೂ ಬರಿಗೈಯೂ ಒಂದೇ ಮನೆಯಲ್ಲಿ ಸೇರುವುದು ಹೀಗೆ.

ಪಟ್ಟಿಯನ್ನು ಇನ್ನೊಮ್ಮೆ ನೋಡಿದರೆ ಸಾಬೂನಿಗೆ ಹಿಡಿದುದು ೬೦ ರೂಪಾಯಿ ಮಾತ್ರ. ಹೊತ್ತಿಗೆ ಹಿಡಿದುದು ೬೦೦. ಅಗ್ಗದ ಸಾಬೂನನ್ನು ಹುಡುಕಿ ಹತ್ತು ರೂಪಾಯಿ ಉಳಿಸಲು ಊರೆಲ್ಲ ಅಲೆಯುವುದಕ್ಕಿಂತ, ಒಂದೇ ಬಡಾವಣೆಯ ಎರಡು ಗಾಡಿಗಳನ್ನು ಒಂದೇ ದಿನಕ್ಕೆ ಗೊತ್ತುಮಾಡಿಕೊಳ್ಳುವುದು ಹೆಚ್ಚು ಲಾಭಕರ. ಈ ಉದ್ಯೋಗದಲ್ಲಿ ಮಾರುವ ಸರಕು ಹೊತ್ತೇ ಹೊರತು ನೊರೆಯಲ್ಲ.

ಹಾಗಾದರೆ ಆಸನಕ್ಕೆ ಇಷ್ಟೆಂದು ದರವಿಟ್ಟರಾಗದೆ ಎಂದು ಕೆಲವರು ಕೇಳುವರು. ಐದು ಆಸನಕ್ಕೆ ೧,೨೫೦ ಆದರೆ ಒಂದಕ್ಕೆ ೨೫೦ ಎಂದು ಸುಲಭವಾಗಿ ಭಾಗಿಸಬಹುದು. ಆದರೆ ಖರ್ಚಿನಲ್ಲಿ ಎರಡು ಜಾತಿಗಳುಂಟು. ಒಂದು ಆಸನವಿರಲಿ, ಹತ್ತಿರಲಿ, ಬಾಗಿಲಿಗೆ ಹೋಗುವ ಖರ್ಚು ಬದಲಾಗದು. ೧೯೦೧ರಲ್ಲಿ ಲಂಡನ್ನಿನಲ್ಲಿ ಹ್ಯೂಬರ್ಟ್ ಸೆಸಿಲ್ ಬೂತ್ ಎಂಬ ಇಂಜಿನಿಯರರು ಧೂಳು ಹೀರುವ ಯಂತ್ರವನ್ನು ನಿರ್ಮಿಸಿದಾಗ, ಅದನ್ನು ಕುದುರೆಗಳಿಂದ ಎಳೆಯಿಸಿ ಮನೆಯ ಮುಂದೆ ನಿಲ್ಲಿಸಿ, ಉದ್ದನೆಯ ಕೊಳವೆಗಳನ್ನು ಕಿಟಕಿಯೊಳಗೆ ಬಿಟ್ಟು ಕೆಲಸ ಮಾಡಿಸುತ್ತಿದ್ದರು. ಒಂದೇ ಕೋಣೆಯನ್ನು ಶುಚಿಮಾಡಬೇಕಾದರೂ ಅಷ್ಟೂ ಸರಂಜಾಮು ಬಾಗಿಲಿಗೆ ಬರಬೇಕು. ಇಂದು ಕುದುರೆಗಳಿಲ್ಲವಾದರೂ ನ್ಯಾಯ ಬದಲಾಗಿಲ್ಲ.

ನಮ್ಮ ಪಟ್ಟಿಯಲ್ಲಿ ಹೋಗಿಬರುವ ಮತ್ತು ಮನೆಯಲ್ಲಿ ಕಳೆಯುವ ಒಂದೂವರೆ ಗಂಟೆಯ ಕೂಲಿ ೨೨೫, ದಾರಿಯ ವೆಚ್ಚ ೬೦, ಮೇಲುವೆಚ್ಚ ೧೫೦. ಒಟ್ಟು ೪೩೫ ರೂಪಾಯಿ ಬಾಗಿಲ ಖರ್ಚು. ಮರುಕೆಲಸದ ೫೦ನ್ನು ಬಿಟ್ಟರೆ ಉಳಿಯುವ ೫೧೫ ಐದು ಆಸನಗಳದು, ಅಂದರೆ ಒಂದಕ್ಕೆ ೧೦೩. ಈಗ ದೊಡ್ಡ ಬಾಡಿಗೆ ಗಾಡಿಗೆ ಬರೋಣ. ೧೯೮೮ರ ಮೋಟಾರು ವಾಹನಗಳ ಅಧಿನಿಯಮದ ಪ್ರಕಾರ, ಚಾಲಕನನ್ನು ಬಿಟ್ಟು ಆರಕ್ಕಿಂತ ಹೆಚ್ಚು, ಹನ್ನೆರಡಕ್ಕೆ ಮೀರದಷ್ಟು ಪ್ರಯಾಣಿಕರನ್ನು ಬಾಡಿಗೆಗೆ ಒಯ್ಯುವ ಗಾಡಿಯು ಮ್ಯಾಕ್ಸಿಕ್ಯಾಬ್ ಎನಿಸುವುದು. ಚಾಲಕನೂ ಸೇರಿ ಹದಿಮೂರು ಆಸನಗಳ ಇಂಥ ಗಾಡಿಗೆ ೨೫೦ರಂತೆ ಗುಣಿಸಿದರೆ ೩,೨೫೦ ರೂಪಾಯಿಯಾಗುವುದು, ಗಿರಾಕಿ ಓಡಿಹೋಗುವನು. ಬಾಗಿಲ ಖರ್ಚನ್ನು ಬೇರೆಯಿಟ್ಟು ಎಣಿಸಿದರೆ ೪೩೫ಕ್ಕೆ ೧,೩೩೯ ಕೂಡಿ ೧,೭೭೪. ಮರುಕೆಲಸಕ್ಕೆ ನೂರಕ್ಕೆ ೫, ಲಾಭಕ್ಕೆ ೨೫ ಸೇರಿಸಿದರೆ ಸುಮಾರು ೨,೩೩೦. ಇದು ಒಬ್ಬನ ಪೂರ್ತಿ ಎಂಟು ಗಂಟೆಯ ದುಡಿಮೆ, ನ್ಯಾಯವಾದ ಬೆಲೆ. ಆದರೆ ಇದೇ ದರವನ್ನು ತಿರುಗಿಸಿ, ಒಂದೇ ಆಸನ ತೊಳೆಯಲು ಕರೆದವರಿಗೆ ೨೫೦ ಹೇಳಿದರೆ ಅದು ಬಾಗಿಲ ಖರ್ಚಿಗೂ ಸಾಲದು.

ಬಾಡಿಗೆ ಮೋಟಾರುಗಳ ಯಜಮಾನರು ಹಲವು ಗಾಡಿಗಳನ್ನು ಒಮ್ಮೆಗೇ ಒಪ್ಪಿಸಿ ರಿಯಾಯಿತಿ ಕೇಳುವುದು ವಾಡಿಕೆ. ಅಲ್ಲಿ ರಿಯಾಯಿತಿಗೆ ಕಾರಣವೂ ಉಂಟು. ಮೂರು ಗಾಡಿಗಳು ಒಂದೇ ಅಂಗಳದಲ್ಲಿ ನಿಂತಿದ್ದರೆ, ಒಂದರಲ್ಲಿ ಸಾಬೂನು ನೆನೆಯುತ್ತಿರುವಾಗ ಇನ್ನೊಂದರ ಧೂಳನ್ನು ಹೀರಬಹುದು. ಹೀಗೆ ಗಾಡಿಗೆ ೨೦ ನಿಮಿಷ ಉಳಿದರೆ, ದಾರಿಯ ಹೊತ್ತೂ ಸೇರಿ ಮೂರಕ್ಕೂ ಎಂಟೇ ಗಂಟೆ ಸಾಕು. ಒಂದರ ಕೂಲಿ ೬೦೦ರಿಂದ ೪೦೦ಕ್ಕೂ, ದಾರಿಯ ವೆಚ್ಚ ೬೦ರಿಂದ ೨೦ಕ್ಕೂ, ಮರುಕೆಲಸದ ಬಾಬು ೪೦ಕ್ಕೂ ಇಳಿದು, ಅಸಲು ೭೫೦ ಆಗುವುದು. ಬೆಲೆ ಸುಮಾರು ೯೪೦. ಮುನ್ನೂರು ರೂಪಾಯಿ ಬಿಟ್ಟುಕೊಟ್ಟರೂ ಲಾಭದ ಪ್ರಮಾಣ ಕದಲಲಿಲ್ಲ. ಖರ್ಚು ಇಳಿದಷ್ಟು ಬೆಲೆ ಇಳಿಸುವುದು ವ್ಯಾಪಾರ. ಖರ್ಚು ಇಳಿಯದೆ ಬೆಲೆ ಇಳಿಸುವುದು ದಾನ. ಆದರೆ ಇಂಥ ಯಜಮಾನರು ಹಣವನ್ನು ತಿಂಗಳೊಪ್ಪತ್ತು ತಡೆದು ಕೊಡುವುದೂ ಉಂಟು. ಹತ್ತು ಗಾಡಿಗಳ ೯,೪೦೦ ರೂಪಾಯಿ ಹೊರಗೆ ಸಿಕ್ಕಿಕೊಂಡರೆ ಸಾಲದ ಕಂತು ಕಾಯದು. ಅರ್ಧ ಮುಂಗಡ, ಉಳಿದುದಕ್ಕೆ ಗೊತ್ತಾದ ತಾರೀಖು. ಇವೆರಡನ್ನೂ ಮೊದಲೇ ಬರೆಯಿಸಿಕೊಳ್ಳಲಿ.

ಗಾಡಿಯನ್ನು ಕಣ್ಣಾರೆ ನೋಡದೆ ಕಡೆಯ ಬೆಲೆಯನ್ನು ಹೇಳಬಾರದು. ಹಾಲು ಚೆಲ್ಲಿದ್ದರೆ, ಮಗು ವಾಂತಿ ಮಾಡಿದ್ದರೆ, ಎಲೆಯಡಿಕೆಯ ರಸ ಬಿದ್ದಿದ್ದರೆ ಅದು ಬೇರೆ ಕೆಲಸ. ಹಾಲಿನ, ರಕ್ತದ ಕಲೆಗೆ ಮೊದಲು ತಣ್ಣೀರೇ ಬೇಕು. ಬಿಸಿನೀರು ತಗುಲಿದರೆ ಕಲೆ ನೂಲಿಗೆ ಕಚ್ಚಿಕೊಳ್ಳುವುದು. ಇಂಥದಕ್ಕೆ ಅರ್ಧ ಗಂಟೆಯ ಕೂಲಿ ೭೫, ವಿಶೇಷ ದ್ರಾವಣಕ್ಕೆ ೪೫ ಎಂದಿಟ್ಟರೆ, ಮರುಕೆಲಸ ಲಾಭಗಳೂ ಸೇರಿ ಸುಮಾರು ೧೬೦ ಹೆಚ್ಚಿಗೆ ಕೇಳುವುದು ನ್ಯಾಯ. ರೆಕ್ಸಿನ್ ಹೊದಿಕೆಯನ್ನು ಒರಸಿದರೆ ಸಾಕು, ಅದಕ್ಕೆ ಬೆಲೆ ಕಡಮೆ; ಚರ್ಮದ ಹೊದಿಕೆಗೆ ಅದರದೇ ಮೃದುವಾದ ಸಾಬೂನೂ ಆಮೇಲೆ ಎಣ್ಣೆಯಂಶದ ಲೇಪನವೂ ಬೇಕು. ಎಲೆಯಡಿಕೆಯ ಹಳೆಯ ಕಲೆ ಪೂರ್ತಿ ಹೋಗುವುದೆಂದು ಮಾತು ಕೊಡಬಾರದು. ಆಸನದ ಕೆಳಗೆ ಏರ್‌ಬ್ಯಾಗಿನ ತಂತಿಗಳಿರುವಲ್ಲಿ ನೀರು ಸುರಿಯಬಾರದು. ಸೀಟ್‌ಬೆಲ್ಟಿಗೆ ಸೌಮ್ಯವಾದ ಸಾಬೂನನ್ನು ಬಿಟ್ಟು ಬ್ಲೀಚನ್ನು ಸೋಕಿಸಬಾರದು. ಅದರ ನೂಲು ಬಲಗುಂದಿದರೆ ಅಪಘಾತದ ಹೊತ್ತಿಗೆ ಪ್ರಾಣಕ್ಕೇ ಸಂಚಕಾರ.

ಮಳೆಗಾಲದ ಬೆಲೆಯೂ ಬೇರೆ. ಬೇಸಗೆಯ ಕಲಬುರಗಿಯಲ್ಲಿ ಬಾಗಿಲು ತೆರೆದಿಟ್ಟರೆ ಆರುವ ಮೆತ್ತೆ, ಆಷಾಢದ ಮಂಗಳೂರಿನಲ್ಲಿ ಫ್ಯಾನು ಹಚ್ಚಿದರೂ ಸಂಜೆಯವರೆಗೆ ತೇವವಾಗಿಯೇ ಇದ್ದೀತು. ಆಗ ಹೀರುವ ಹೊತ್ತನ್ನು ಹೆಚ್ಚಿಸಿ, ಫ್ಯಾನಿನ ಬಾಡಿಗೆಯನ್ನು ಸೇರಿಸಿ ಹೇಳತಕ್ಕುದು. ಬಾಡಿಗೆ ಮೋಟಾರು ಒಂದು ದಿನ ನಿಂತರೆ ಆ ದಿನದ ಸಂಪಾದನೆಯೂ ನಿಲ್ಲುವುದರಿಂದ, ಎಷ್ಟು ಹೊತ್ತಿಗೆ ಗಾಡಿ ರಸ್ತೆಗಿಳಿಯುವುದೆಂಬುದನ್ನೂ ಬೆಲೆಯೊಡನೆ ತಿಳಿಸಬೇಕು.

ತೆರಿಗೆಯ ವಿಷಯವಾಗಿ ಒಂದು ಮಾತು. ತಿಂಗಳಿಗೆ ೪೦ ಗಾಡಿಯಂತೆ ನಮ್ಮ ಹುಡುಗನ ವಾರ್ಷಿಕ ವಹಿವಾಟು ೬ ಲಕ್ಷ ರೂಪಾಯಿ. ಕರ್ನಾಟಕದಲ್ಲಿ ಸೇವೆಯ ಉದ್ಯೋಗಗಳಿಗೆ ವರ್ಷದ ವಹಿವಾಟು ೨೦ ಲಕ್ಷವನ್ನು ಮೀರಿದರೆ ಜಿ.ಎಸ್.ಟಿ. ನೋಂದಣಿ ಕಡ್ಡಾಯ. ಅಲ್ಲಿಯವರೆಗೆ ಆ ಚಿಂತೆಯಿಲ್ಲ. ಆದರೂ ರಸೀತಿಯನ್ನು ಕೊಡುವ, ದಿನದ ಲೆಕ್ಕವನ್ನು ಬರೆಯುವ ಅಭ್ಯಾಸ ಮೊದಲ ದಿನದಿಂದಲೇ ಇರಲಿ.

ಕಡೆಗೆ, ಕೆಲಸ ಮಾಡಿಸುವ ಗೃಹಸ್ಥರಿಗೆ ಒಂದು ವಿಜ್ಞಾಪನೆ. ಚೌಕಾಶಿ ಮಾಡುವುದು ನಮ್ಮ ಹಕ್ಕು. ಆದರೆ ಅಸಲಿಗಿಂತ ಕೆಳಕ್ಕೆ ಎಳೆದ ನೂರು ರೂಪಾಯಿ ಎಲ್ಲಿಂದ ಬರುವುದೆಂಬುದನ್ನು ಯೋಚಿಸಬೇಕು. ಸಾಬೂನಿನಿಂದ ಅಷ್ಟು ಉಳಿಯದು, ದಾರಿ ಗಿಡ್ಡವಾಗದು. ಕಡಮೆಮಾಡಲು ಅವನ ಕೈಯಲ್ಲಿರುವುದು ಆ ಐವತ್ತು ನಿಮಿಷದ ಹೀರುವ ಕೆಲಸವೊಂದೇ. ಮೇಲೆ ಮಿರುಗುವ ಮೆತ್ತೆಯ ಒಳಗೆ ನೀರು ಉಳಿಯುವುದು. ಅದರ ಮೇಲೆ ಕೂರುವವರು ನಮ್ಮ ಮಕ್ಕಳು. ಆದುದರಿಂದ ಬೆಲೆಯನ್ನು ಕೇಳುವಾಗ, ಎಷ್ಟು ಹೊತ್ತು ಕೆಲಸ ಮಾಡುವೆ, ಎಷ್ಟು ಹೊತ್ತಿಗೆ ಒಣಗಿಸಿ ಕೊಡುವೆ ಎಂಬ ಎರಡು ಪ್ರಶ್ನೆಗಳನ್ನೂ ಕೇಳಿರಿ. ಸರಿಯಾದ ಉತ್ತರ ಕೊಡುವವನು ಇನ್ನೂರು ಹೆಚ್ಚು ಹೇಳಿದರೂ ಅವನನ್ನೇ ಕರೆಯಿಸಿರಿ.